ಪೊಟ್ಟಣದಮ್ಮ

ನಮ್ಮ ಮನೆಯಲ್ಲಿ ಖಾಲಿ ಬೆಂಕಿಪೊಟ್ಟಣ ಉಳಿಯಲು ನಾನು ಬಿಡುವುದಿಲ್ಲ. ಕೊನೆಯ ಕಡ್ಡಿ ಗೀರಿದ ಮರುಕ್ಷಣ ಅದು ಕಸದ ಬುಟ್ಟಿಗೆ ಹೋಗಬೇಕು. ಸೊಸೆಗೆ ಇದೊಂದು ತಮಾಷೆ. "ಅತ್ತೆ, ಪಾತ್ರೆ ಒಡೆದ್ರೂ ಏನೂ ಅನ್ನಲ್ಲ, ಬೆಂಕಿಪೊಟ್ಟಣ ಕಂಡ್ರೆ ಮಾತ್ರ ಹಾವು ಕಂಡ ಹಾಗೆ ಆಡ್ತಾರೆ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ನಾನೂ ನಕ್ಕು ಸುಮ್ಮನಾಗುತ್ತೇನೆ.

ಮೊನ್ನೆ ಮಾತ್ರ ನಗು ಬರಲಿಲ್ಲ. ಮೊಮ್ಮಗಳು ಶಾಲೆಗೆ ರೈಲು ಮಾಡಿಕೊಂಡು ಹೋಗಬೇಕೆಂದು ಬೀದಿಯ ಮನೆಗಳನ್ನೆಲ್ಲ ಸುತ್ತಿ ಖಾಲಿ ಪೊಟ್ಟಣ ಕೂಡಿಸಿದ್ದಳು. ಊಟದ ಮೇಜಿನ ಮೇಲೆ ಅವನ್ನು ಸಾಲಾಗಿ ಇಟ್ಟು, ಒಂದೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ ನಂಬರು ಬರೆದಿದ್ದಳು. ಒಂದು, ಎರಡು, ಮೂರು. ಹೊರಗೆ ಜಡಿಮಳೆ, ಒಳಗೆ ಕೆಲಸದವಳು ಆಗಷ್ಟೇ ಫಿನಾಯಿಲ್ ಹಾಕಿ ನೆಲ ಒರೆಸಿದ್ದಳು. ಪೊಟ್ಟಣದ ಕಡ್ಡಿಮದ್ದಿನ ವಾಸನೆ, ಫಿನಾಯಿಲ್, ನೆಂದ ಗೋಡೆ ಮೂರೂ ಸೇರಿ ಮೂಗಿಗೆ ಬಡಿದದ್ದೇ ತಡ, "ತೆಗಿ ಇದನ್ನೆಲ್ಲ! ಊಟದ ಮೇಜಿನ ಮೇಲೆ ಯಾರಾದ್ರೂ ಇಡ್ತಾರಾ?" ಎಂದು ಕಿರುಚಿಬಿಟ್ಟೆ. ಮಗು ಬೆದರಿ ಅಳತೊಡಗಿತು. ಅವಳನ್ನು ಸಮಾಧಾನ ಮಾಡಲು ತೊಡೆಯ ಮೇಲೆ ಕೂರಿಸಿಕೊಂಡು, ಯಾರಿಗೂ ಹೇಳದ ಒಂದು ಮಳೆಗಾಲದ ಕಥೆಯನ್ನು ಹೇಳಬೇಕಾಯಿತು.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ನನಗೆ ಇಪ್ಪತ್ತೆರಡು ವರ್ಷ. ಜಯನಗರ ಇನ್ನೂ ಪೂರ್ತಿ ಊರಾಗಿರಲಿಲ್ಲ, ಬಸವನಗುಡಿಯ ನಾವೆಲ್ಲ ಅದನ್ನು ಎಕ್ಸ್‌ಟೆನ್ಷನ್ ಎನ್ನುತ್ತಿದ್ದೆವು. ಒಂದು ಹೊಸ ಮನೆ, ಪಕ್ಕದಲ್ಲಿ ನಾಲ್ಕು ಖಾಲಿ ಸೈಟು, ಅದರಾಚೆ ರಾಗಿ ಹೊಲ. ಅಲ್ಲೊಂದು ಬಾಡಿಗೆ ಮನೆಯ ಎರಡು ಕೋಣೆಗಳಲ್ಲಿ ನಮ್ಮ ಡಿಸ್ಪೆನ್ಸರಿ. ಒಬ್ಬರು ಡಾಕ್ಟರು, ಒಬ್ಬ ಕಾಂಪೌಂಡರು, ಒಂದು ಮೈಕ್ರೋಸ್ಕೋಪು ಮತ್ತು ಅದನ್ನು ನೋಡಲು ತರಬೇತಿ ಪಡೆದು ಬಂದಿದ್ದ ನಾನು. ರಕ್ತ, ಮೂತ್ರ, ಮಲ ಪರೀಕ್ಷೆ ಮಾಡುವುದು ನನ್ನ ಕೆಲಸ. ಈ ಮೂರನೆಯ ಪದವನ್ನು ನಮ್ಮಮ್ಮ ಎಂದೂ ಬಾಯಿಬಿಟ್ಟು ಹೇಳಲಿಲ್ಲ. "ನಮ್ಮ ಸಾವಿತ್ರಿ ಡಾಕ್ಟರಿಗೆ ಸಹಾಯ ಮಾಡ್ತಾಳೆ" ಎನ್ನುತ್ತಿದ್ದಳು. ಏನು ಸಹಾಯ ಎಂದು ಸೋದರತ್ತೆ ಕೇಳಿದರೆ ಕಾಫಿ ತರಲು ಎದ್ದುಹೋಗುತ್ತಿದ್ದಳು. ಸಂಜೆ ನಾನು ಹಿತ್ತಿಲ ಬಾಗಿಲಿನಿಂದ ಬಂದು, ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡ ಮೇಲೆಯೇ ಮನೆಯವಳಾಗುತ್ತಿದ್ದೆ.

ಎಕ್ಸ್‌ಟೆನ್ಷನ್ ಮುಗಿದು ಸಾರಕ್ಕಿಯ ಕಡೆ ಇಳಿಜಾರಾಗುವಲ್ಲಿ ಕಲ್ಲು ತೆಗೆದು ಬಿಟ್ಟ ಒಂದು ದೊಡ್ಡ ಹಳ್ಳವಿತ್ತು. ಅದರ ಅಂಚಿನಲ್ಲಿ ಇಪ್ಪತ್ತಾರು ಗುಡಿಸಲು. ನಮ್ಮ ರಸ್ತೆಗಳಿಗೆ, ತಾರಸಿಗಳಿಗೆ ಜಲ್ಲಿ ಕುಟ್ಟಿಕೊಡುವ ಜನ ಅಲ್ಲಿದ್ದರು. ಅದಕ್ಕೇ ಆ ಜಾಗಕ್ಕೆ ಜಲ್ಲಿಗುಡ್ಲು ಎಂದು ಹೆಸರು ಬಿದ್ದಿತ್ತು. ಕನಕಪುರದ ಕಡೆಯಿಂದ ಬಂದವರು ಕೆಲವರು, ತಮಿಳು ತೆಲುಗು ಆಡುವವರು ಕೆಲವರು. ಕಕ್ಕಸೆಂಬುದು ಇರಲಿಲ್ಲ. ದೊಡ್ಡವರು ಹಳ್ಳದ ಆಚೆ ದಂಡೆಗೆ ಹೋಗುತ್ತಿದ್ದರು, ಮಕ್ಕಳು ಗುಡಿಸಲ ಹಿಂದೆಯೇ ಕೂರುತ್ತಿದ್ದವು. ಕುಡಿಯುವ ನೀರಿಗೆ ಹಳ್ಳದ ಬದಿಯಲ್ಲಿ ತೋಡಿಕೊಂಡ ಒಂದು ಗುಂಡಿ. ಎಕ್ಸ್‌ಟೆನ್ಷನ್ನಿನ ಅಚ್ಚುಕಟ್ಟಾದ ಮೋರಿಗಳೆಲ್ಲ ಇಳಿಜಾರು ಹಿಡಿದು ಬಂದು ಕೊನೆಗೆ ಆ ಗುಡಿಸಲುಗಳ ಹಿಂದೆ ಬಾಯಿ ತೆರೆದುಕೊಂಡಿದ್ದವು. ಆ ವರ್ಷದ ಮಳೆ ಆಷಾಢದಲ್ಲೇ ಹಿಡಿದು, ಬಿಡುವ ಲಕ್ಷಣ ತೋರಲಿಲ್ಲ. ಮೋರಿ, ಹಿತ್ತಿಲು, ಕುಡಿಯುವ ಗುಂಡಿ ಎಲ್ಲ ಒಂದೇ ನೀರಾಯಿತು. ಬರಿಗಾಲಿನ ಮಕ್ಕಳು ಅದರಲ್ಲೇ ಆಡುತ್ತಿದ್ದವು.

ಅಲ್ಲಿಂದ ಬರುವ ಮಕ್ಕಳಿಗೆ ಒಂದೇ ದೂರು. ಹೊಟ್ಟೆನೋವು, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಬಿಳಿಚಿದ ಕಣ್ಣು. ಡಾಕ್ಟರಿಗೆ ಹುಳದ ಔಷಧಿ ಆಗ ತಾನೇ ಮಂಜೂರಾಗಿತ್ತು. ಕಣ್ಣುಮುಚ್ಚಿ ಹಂಚುವ ಮನುಷ್ಯ ಅವರಲ್ಲ. "ಯಾರ ಹೊಟ್ಟೇಲಿ ಎಂಥ ಹುಳ ಎಷ್ಟಿದೆ ಅಂತ ಮೊದ್ಲು ನೋಡೋಣ ಕಣಮ್ಮ. ಮನೆಗೊಂದು ಚಿಕ್ಕ ಮಗು ಸಾಕು. ಖಾಲಿ ಬೆಂಕಿಪೊಟ್ಟಣ ಕೂಡಿಸು" ಎಂದರು. ಆಗ ಎಲ್ಲ ಕಡೆ ಬೆಂಕಿಪೊಟ್ಟಣದಲ್ಲೇ ಮಲ ತರಿಸುತ್ತಿದ್ದದ್ದು.

ಪೊಟ್ಟಣಗಳ ಮೇಲೆ ನಂಬರು ಬರೆದುಕೊಂಡು ಒಂದು ಮಧ್ಯಾಹ್ನ ಜಲ್ಲಿಗುಡ್ಲಿಗೆ ಹೋದೆ. ಯಾವ ಪೊಟ್ಟಣ ಯಾವ ಮನೆಯದೆಂದು ತಿಳಿಯಲು ಗುಡಿಸಲ ಬಾಗಿಲ ಕಲ್ಲಿನ ಮೇಲೆ ಅದೇ ನಂಬರನ್ನು ಸೀಮೆಸುಣ್ಣದಲ್ಲಿ ಬರೆದೆ. ಅದೇ ವಾರ ಇಬ್ಬರು ಸರ್ವೆಯವರು ಸರಪಣಿ ಹಿಡಿದು ಆ ಜಾಗವನ್ನೆಲ್ಲ ಅಳೆದು, ಅಲ್ಲಲ್ಲಿ ಗೂಟ ಹೊಡೆದು, ಗೂಟಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. ಗೂಟಗಳನ್ನು ನಾನು ನೋಡಿದ್ದೆ. ಎರಡು ಬಗೆಯ ನಂಬರನ್ನೂ ಒಟ್ಟಿಗೆ ಕಂಡವರಿಗೆ ಏನನ್ನಿಸಬಹುದೆಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಹೆಂಗಸರೆಲ್ಲ ಸುತ್ತ ನಿಂತರು. ಅಲ್ಲಿ ಎಲ್ಲರಿಗೂ ಹಿರಿಯಳು ಮುನಿಯಮ್ಮ, ಸುತ್ತಿಗೆ ಹಿಡಿದು ಹಿಡಿದು ಬೆರಳುಗಳು ನೇರವಾಗದಿದ್ದ ಮುದುಕಿ. ಅವಳು ಕೇಳಿದಳು: "ಇದೇನಕ್ಕಮ್ಮಾ ಪೊಟ್ಣ?"

"ಪರೀಕ್ಷೆ ಮಾಡೋಕೆ. ಮಗು ಎರಡಕ್ಕೆ ಹೋದಾಗ ಕಡಲೆಕಾಳಿನಷ್ಟು ಇದ್ರಲ್ಲಿ ಹಾಕಿ ತನ್ನಿ."

ಒಬ್ಬಳು ಕಿಸಕ್ಕನೆ ನಕ್ಕಳು. ಇನ್ನೊಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಮುನಿಯಮ್ಮ ಮಾತ್ರ ನಗಲಿಲ್ಲ. "ಪರೀಕ್ಸೆ ಅಂದ್ರೆ ಪಾಸು ಪೇಲು ಇರ್ತದಾ?"

ನನಗೆ ತಮಾಷೆ ಎಂದರೆ ಪ್ರಾಣ. ಕಾಲೇಜಿನಿಂದ ಬಂದ ಹೊಸತು, ಎಲ್ಲದಕ್ಕೂ ಒಂದು ಚಟಾಕಿ ಹಾರಿಸದಿದ್ದರೆ ಬಾಯಿ ಕೆರೆಯುತ್ತಿತ್ತು. "ಇರುತ್ತೆ ಮತ್ತೆ! ಪಾಸಾದವ್ರು ಇಲ್ಲೇ ಇರ್ಬಹುದು. ಫೇಲಾದವ್ರನ್ನ ಊರಾಚೆ ಕಳಿಸ್ತೀವಿ" ಎಂದು ನಕ್ಕೆ. ಅವರೂ ನಕ್ಕರು. ಮಕ್ಕಳ ಕೆನ್ನೆ ಚಿವುಟುತ್ತ, ಇನ್ನೂ ಏನೇನೋ ಹರಟುತ್ತ ಗುಡಿಸಲಿಂದ ಗುಡಿಸಲಿಗೆ ಹೋದೆ. ಯಾರಿಗೆ ಏನು ಹೇಳಿದೆನೆಂದು ಮರುದಿನ ನನಗೇ ನೆನಪಿರಲಿಲ್ಲ. ಅವರಿಗೆ ಪ್ರತಿ ಮಾತೂ ನೆನಪಿತ್ತು. ಹೊರಡುವಾಗ ಮಕ್ಕಳು "ಪೊಟ್ಟಣದಮ್ಮಾ, ಪೊಟ್ಟಣದಮ್ಮಾ" ಎಂದು ರಸ್ತೆಯವರೆಗೂ ಹಿಂದೆ ಬಂದವು.

ಮೂರನೆಯ ದಿನ ಬೆಳಿಗ್ಗೆ ಮುನಿಯಮ್ಮ ಒಂದು ಹಳೆಯ ಮೊರದಲ್ಲಿ ಇಪ್ಪತ್ತಾರು ಪೊಟ್ಟಣಗಳನ್ನೂ ಜೋಡಿಸಿ ತಂದಿಟ್ಟಳು. ಒಂದೂ ಕಡಿಮೆ ಇರಲಿಲ್ಲ. ಕಾಂಪೌಂಡರು ಮೂಗು ಮುಚ್ಚಿಕೊಂಡು ಫಿನಾಯಿಲ್ ಚಿಮುಕಿಸಿದ. ನಾನು ಹೆಮ್ಮೆಯಿಂದ ಕಿಟಕಿಯ ಬಳಿ ಮೈಕ್ರೋಸ್ಕೋಪಿಟ್ಟುಕೊಂಡು ಕೂತೆ.

ಮೊದಲನೆಯ ಸ್ಲೈಡಿನಲ್ಲಿ ಜಂತುಹುಳದ ಮೊಟ್ಟೆ. ಕಂದುಬಣ್ಣ, ಅಂಚಿನ ಸುತ್ತ ಉಬ್ಬುತಗ್ಗು, ನೋಡಲು ಪುಟ್ಟ ಹಲಸಿನಕಾಯಿಯಂತಿರುತ್ತದೆ. ಒಂದೆರಡಲ್ಲ, ಕಣ್ಣು ಹಾಯಿಸಿದಲ್ಲೆಲ್ಲ. ಪಾಪ, ಯಾವ ಮಗುವೋ ಎಂದುಕೊಂಡೆ. ಎರಡನೆಯದರಲ್ಲೂ ಅಷ್ಟೇ. ಮೂರನೆಯದರಲ್ಲೂ ಅಷ್ಟೇ. ಹತ್ತನೆಯದರಲ್ಲೂ ಅದೇ. ಅಷ್ಟೂ ಮಕ್ಕಳ ಹೊಟ್ಟೆ ಹೀಗಿದ್ದರೆ ಗತಿಯೇನು? ಇಪ್ಪತ್ತಾರನ್ನೂ ಮುಗಿಸಿ, ಬೆವರಿ, ಡಾಕ್ಟರ ಮುಂದೆ ಹೋಗಿ ನಿಂತೆ.

ಅವರು ಬಂದು ನಾಲ್ಕೈದು ಸ್ಲೈಡು ನೋಡಿದರು. "ಕೊಕ್ಕೆಹುಳ ಯಾವುದ್ರಲ್ಲಾದ್ರೂ ಸಿಕ್ತಾ?"

"ಇಲ್ಲ ಸಾರ್."

"ಬರಿಗಾಲಲ್ಲಿ ಕೆಸರು ತುಳಿಯೋ ಜನ. ಇಪ್ಪತ್ತಾರು ಮನೇಲಿ ಒಬ್ರಿಗೂ ಕೊಕ್ಕೆಹುಳ ಇಲ್ವಾ?" ಒಂದು ಕಡ್ಡಿ ತೆಗೆದುಕೊಂಡು ಪೊಟ್ಟಣಗಳನ್ನು ಒಂದೊಂದಾಗಿ ಕೆದಕಿದರು. "ಇಲ್ಲಿ ನೋಡು. ಸೀಬೆಬೀಜ. ಇದ್ರಲ್ಲೂ ಸೀಬೆಬೀಜ. ಇದ್ರಲ್ಲೂ." ಕಡ್ಡಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಸಾವಿತ್ರಿ, ಇದಷ್ಟೂ ಒಂದೇ ಮಗೂದು. ಎಲ್ರೂ ಸೇರ್ಕೊಂಡು ಕಾಪಿ ಹೊಡೆದಿದಾರೆ."

ನನಗೆ ನಗು ಬಂತು. ಅವರಿಗೆ ಬರಲಿಲ್ಲ. "ನಗಬೇಡ. ಇಷ್ಟು ಮೊಟ್ಟೆ ಒಂದೇ ಮಗುವಿನ ಹೊಟ್ಟೆಯಿಂದ ಬಂದಿದೆ ಅಂದ್ರೆ ಒಳಗಡೆ ಹುಳ ಗಂಟು ಕಟ್ಕೊಂಡಿರ್ಬಹುದು. ಕರುಳು ಮುಚ್ಚಿಹೋದ್ರೆ ಎರಡು ದಿನ ಕೂಡ ಉಳಿಯಲ್ಲ. ಯಾರಾದ್ರೂ ತಿಳೀದೆ ಭೇದಿಗೆ ಕೊಟ್ರಂತೂ ಮುಗೀತು. ಮೊದ್ಲು ಆ ಮಗು ಯಾವುದು ಅಂತ ಹುಡುಕು."

ಆಗ ನನಗೆ ಹೆದರಿಕೆಗಿಂತ ಕೋಪ ಹೆಚ್ಚಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಅರ್ಧ ದಿನ ಕಣ್ಣು ನೋಯಿಸಿಕೊಂಡು ನೋಡಿದ್ದೆಲ್ಲ ಸುಳ್ಳೆಂಬ ಕೋಪ. ಮಳೆಯಲ್ಲೇ ಕೊಡೆ ಹಿಡಿದು ಜಲ್ಲಿಗುಡ್ಲಿಗೆ ಹೋಗಿ ನಡುವೆ ನಿಂತು ಕೂಗಾಡಿದೆ. "ಯಾರದ್ದು ಅದು? ಯಾವ ಮಗೂದು ತಂದು ಎಲ್ರೂ ತುಂಬಿಸಿದ್ದು? ನಿಮ್ಮ ಬಂಡವಾಳ ಗೊತ್ತಾಯ್ತು. ಎಲ್ರೂ ಫೇಲ್! ಇಪ್ಪತ್ತಾರು ಮನೇನೂ ಫೇಲ್!"

ಕಲ್ಲು ಕುಟ್ಟುತ್ತಿದ್ದ ಸದ್ದು ನಿಂತಿತು. ಒಬ್ಬಳು ತನ್ನ ಮಗುವನ್ನು ಎಳೆದುಕೊಂಡು ಒಳಗೆ ಹೋದಳು.

"ನಮ್ ನಮ್ ಮಕ್ಳದೇ ಅಮ್ಮಾ" ಎಂದಳು ಮುನಿಯಮ್ಮ, ನೆಲ ನೋಡುತ್ತ.

"ಸುಳ್ಳು ಹೇಳ್ಬೇಡ ಅಜ್ಜಿ. ಆ ಮಗು ಸಾಯುತ್ತೆ."

ಈ ಮಾತೂ ಬೆದರಿಕೆಯೆಂದೇ ಅವರಿಗೆ ಕೇಳಿಸಿರಬೇಕು. ಅವಳು ಎದ್ದು ಗುಡಿಸಲೊಳಗೆ ಹೋಗಿ ಗೋಣಿತಟ್ಟಿನ ಪರದೆ ಎಳೆದುಕೊಂಡಳು. ನಾನು ಬಾಗಿಲಿಂದ ಬಾಗಿಲಿಗೆ ಹೋಗಿ ಬೇಡಿಕೊಂಡೆ, ಗದರಿಸಿದೆ, ಮತ್ತೆ ಬೇಡಿಕೊಂಡೆ. ಒಂದು ಬಾಯಿಯೂ ಬಿಚ್ಚಲಿಲ್ಲ. ಕತ್ತಲಾಗುವ ಮುಂಚೆ ಮನೆ ಸೇರಬೇಕಿತ್ತು, ವಾಪಸು ಬಂದೆ. ಅಂದು ತಲೆಗೆ ನೀರು ಹಾಕಿಕೊಂಡು ಊಟಕ್ಕೆ ಕೂತವಳು ಅನ್ನ ಕಲಸಿಟ್ಟು ಎದ್ದೆ. ಅಮ್ಮ ನನ್ನ ಹಣೆ ಮುಟ್ಟಿ ನೋಡಿ, ಈ ಕೆಲಸ ಬಿಟ್ಟುಬಿಡು ಎಂದಳು.

ಮರುದಿನ ಬೆಳಿಗ್ಗೆ ಸೌತ್ ಎಂಡ್ ದಾಟಿ ಎಕ್ಸ್‌ಟೆನ್ಷನ್ನಿನ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಒಂದು ಕಾಂಪೌಂಡಿನ ಹೊರಗೆ ಚಪ್ಪಲಿಗೆ ಏನೋ ಮೆತ್ತಗೆ ಸಿಕ್ಕಿ ಜಾರಿತು. ಕಾಲೆತ್ತಿ ನೋಡಿದರೆ ಸೀಬೆಹಣ್ಣು. ಮೇಲೆ ಗೋಡೆಯಾಚೆಯಿಂದ ಚಾಚಿದ್ದ ಕೊಂಬೆ, ಕೆಳಗೆ ಮಳೆಗೆ ಉದುರಿದ ಹಣ್ಣು. ನಾನು ಅಲ್ಲೇ ನಿಂತೆ. ಜಲ್ಲಿಗುಡ್ಲಲ್ಲಿ ಒಂದು ಹಸಿರು ಗಿಡ ಇಲ್ಲ. ಆ ಮಗುವಿಗೆ ಅಷ್ಟು ಸೀಬೆಹಣ್ಣು ಎಲ್ಲಿಂದ ಬಂತು?

ಗೇಟು ತೆಗೆದು ಬಾಗಿಲು ಬಡಿದೆ. ಹೂಬತ್ತಿ ಹೊಸೆಯುತ್ತಿದ್ದ ಹಿರಿಯ ಗೃಹಿಣಿಯೊಬ್ಬರು ಬಂದರು. "ಅಮ್ಮಾ, ಜಲ್ಲಿಗುಡ್ಲಿನವರು ಯಾರಾದ್ರೂ ನಿಮ್ಮನೆಗೆ ಕೆಲಸಕ್ಕೆ ಬರ್ತಾರಾ?" ಎಂದು ಒಂದೇ ಉಸಿರಿಗೆ ಕೇಳಿದೆ.

"ಬರ್ತಾಳಲ್ಲ, ಕೆಂಪಮ್ಮ. ಮುಸುರೆ ತಿಕ್ಕೋಕೆ. ಅವಳ ಮಗಳು ಚಂದ್ರಿ ಅಂತ, ನಾಲ್ಕು ವರ್ಷದ್ದು, ದಿನಾ ಅಮ್ಮನ ಜೊತೆ ಬಂದು ಆ ಸೀಬೆಮರದ ಕೆಳಗೆ ಕೂತಿರುತ್ತೆ. ಬಿದ್ದ ಹಣ್ಣೆಲ್ಲ ಅದಕ್ಕೇ. ಗುಂಡು ಗುಂಡಗೆ ಮುದ್ದಾಗಿದೆ ಮಗು. ಯಾಕಮ್ಮಾ? ಇವತ್ತು ಇಬ್ರೂ ಬಂದಿಲ್ಲ ನೋಡಿ."

ಇಬ್ಬರೂ ಬಂದಿಲ್ಲ ಎಂಬ ಮಾತು ಕೇಳಿದ್ದೇ ತಡ, ಕೊಡೆಯನ್ನು ಅಲ್ಲೇ ಬಿಟ್ಟು ಓಡಿದೆ. ಸೀರೆ ಮೊಣಕಾಲಿನವರೆಗೆ ಎತ್ತಿಕೊಂಡು, ಆ ಮರ್ಯಾದಸ್ಥರ ಬೀದಿಯಲ್ಲಿ, ಎಲ್ಲರೂ ನೋಡುತ್ತಿರುವಂತೆ ಓಡಿದೆ.

ಕೆಂಪಮ್ಮನದು ಹನ್ನೊಂದನೆಯ ನಂಬರಿನ ಗುಡಿಸಲು. ಒಳಗೆ ಕೆಂಪಮ್ಮ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳಿರಬಹುದು, ಅಷ್ಟೇ. ಚಂದ್ರಿಯ ಹೊಟ್ಟೆ ಬಿಗಿದ ಡೋಲಿನಂತಿತ್ತು, ಕೈಕಾಲು ಕಡ್ಡಿ. ದುಂಡಗಿದ್ದದ್ದು ಹೊಟ್ಟೆ ಮಾತ್ರ ಎಂಬುದು ಈಗ ಕಣ್ಣಿಗೆ ಬಿತ್ತು. ಮಗು ಮತ್ತೆ ಮತ್ತೆ ಹಸಿರಾಗಿ ವಾಂತಿ ಮಾಡುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಒಂದು ಹುಳ ಹೊರಳುತ್ತಿತ್ತು.

"ಏನು ಕೊಟ್ಟೆ ಇವಳಿಗೆ?"

ಕೆಂಪಮ್ಮ ತಲೆ ತಗ್ಗಿಸಿ ಮಗುವಿನ ಬಾಯಿ ಒರೆಸಿದಳು. ಬಾಗಿಲಲ್ಲಿ ನಿಂತಿದ್ದ ಮುನಿಯಮ್ಮ ಹೇಳಿದಳು. "ಭೇದಿ ಆಗ್ಲಿ ಅಂತ ಅಳ್ಳೆಣ್ಣೆ ಕುಡಿಸ್ದೋ ಅಮ್ಮಾ, ನೆನ್ನೆ ಸಂಜೆ. ಎರಡು ಚಿಪ್ಪು. ಇವಳಿಂದ ಎಲ್ರೂ ಪೇಲಾದ್ವಲ್ಲಾ, ಒಳಗಿರಾದೆಲ್ಲಾ ಕಿತ್ಕಂಡ್ ಬಂದ್ಬುಟ್ರೆ ಇನ್ನೊಂದ್ ಸಲ ಪೊಟ್ಣ ಕೊಡಾಣ ಅಂತ."

"ಎಲ್ಲ ಬಿಟ್ಟು ಇವಳದ್ದೇ ಯಾಕೆ ತುಂಬಿಸಿದ್ರಿ?"

ಆಗ ಕೆಂಪಮ್ಮ ತಲೆಯೆತ್ತಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳುವವಳ ಮುಖ. "ನೀವೇ ಯೋಳಿದ್ರಲ್ಲಮ್ಮಾ. ಇವಳ ಕೆನ್ನೆ ಇಡ್ಕಂಡು, 'ನೋಡಿ, ಮಕ್ಳು ಅಂದ್ರೆ ಇಂಗಿರ್ಬೇಕು, ಇವಳು ಆಗ್ಲೇ ಪಾಸು' ಅಂದ್ರಿ. ಅದಕ್ಕೇ ಎಲ್ರೂ ಬಂದು ಇವಳದ್ದೇ ಇಸ್ಕಂಡ್ ಓದ್ರು. ನಮ್ಮನ್ನ ಎತ್ತಂಗಡಿ ಮಾಡಾಕಿಲ್ಲ ಅಂತ ನಾನೂ ಕೊಟ್ಟೆ."

ಹೌದು, ಹೇಳಿದ್ದೆ. ಅವಳು ಹೇಳಿದ ಮೇಲೆ ನೆನಪಾಯಿತು. ದುಂಡು ಹೊಟ್ಟೆ ಕಂಡು, ಎಕ್ಸ್‌ಟೆನ್ಷನ್ ಮನೆಯ ಅನ್ನ ತಿಂದ ಮಗು ಎಂದುಕೊಂಡು ಹೇಳಿದ್ದೆ. ಹುಳ ನೋಡುವುದೇ ನನ್ನ ಕೆಲಸ, ಅದಕ್ಕೇ ಓದಿದವಳು ನಾನು. ಕಲ್ಲು ಕುಟ್ಟುವ ಹೆಂಗಸರಿಗೆ ತಿಳಿಯದ್ದು ನನಗೂ ಕಂಡಿರಲಿಲ್ಲ. ಆ ಹೊತ್ತಿಗೆ ನನಗೆ ನನ್ನ ಮೇಲೆ ಬಂದಷ್ಟು ಅಸಹ್ಯ ಆ ಇಪ್ಪತ್ತಾರು ಪೊಟ್ಟಣ ನೋಡುವಾಗಲೂ ಬಂದಿರಲಿಲ್ಲ.

ಮಗುವನ್ನು ಎತ್ತಿಕೊಂಡು ಡಿಸ್ಪೆನ್ಸರಿಗೆ ಬಂದೆವು. ಡಾಕ್ಟರು ಹೊಟ್ಟೆಯ ಮೇಲೆ ಕೈಯಿಟ್ಟು, ಕಿವಿಗೆ ಕೊಳವೆ ಹಾಕಿಕೊಂಡು ಬಹಳ ಹೊತ್ತು ಆಲಿಸಿದರು. ಆಮೇಲೆ ಕಾಂಪೌಂಡರಿಗೆ ಜಟಕಾ ತರಲು ಹೇಳಿದರು. ಆ ಜಟಕಾದಲ್ಲಿ ದೊಡ್ಡಾಸ್ಪತ್ರೆಗೆ ಹೋದ ದಾರಿಯಷ್ಟು ಉದ್ದದ ದಾರಿಯನ್ನು ನಾನು ಮತ್ತೆಂದೂ ಕಂಡಿಲ್ಲ. ಚಕ್ರ ಗುಂಡಿಗೆ ಇಳಿದಾಗಲೆಲ್ಲ ಮಗು ನರಳುತ್ತಿತ್ತು. ಕೆಂಪಮ್ಮ ಒಂದೇ ಸಮನೆ ಅದರ ಅಂಗಾಲು ಉಜ್ಜುತ್ತಿದ್ದಳು. ನನಗೆ ಅವಳ ಕಡೆ ನೋಡುವ ಧೈರ್ಯ ಬರಲಿಲ್ಲ.

ಮೂಗಿನಲ್ಲಿ ಕೊಳವೆ ಹಾಕಿದರು, ಕೈಗೆ ಸಲೈನ್ ಏರಿಸಿದರು. ಒಂದು ತೊಟ್ಟು ನೀರೂ ಕೊಡಬೇಡಿ ಎಂದರು. ಅಲ್ಲಿನ ಸರ್ಜನ್ನರು, "ಒಂದೂವರೆ ದಿನ ನೋಡ್ತೀವಿ. ಗಂಟು ಸಡಿಲ ಆಗ್ಲಿಲ್ಲ ಅಂದ್ರೆ ಹೊಟ್ಟೆ ಕೊಯ್ಯಬೇಕು. ಇಷ್ಟು ಸೊರಗಿರೋ ಮಗು, ತಡ್ಕೊಳ್ಳುತ್ತೆ ಅಂತ ನಾನು ಹೇಳಲಾರೆ" ಎಂದು ಹೋದರು. ಚಂದ್ರಿ "ನೀರು, ನೀರು" ಎನ್ನುತ್ತಲೇ ಇದ್ದಳು. ಕೆಂಪಮ್ಮ ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದಳು. ಮರುದಿನವೂ ಕೆಲಸಕ್ಕೆ ರಜ ಹಾಕಿ ಹೋಗಿ ಕೂತೆ. ಹೊಟ್ಟೆ ಇಳಿದಿರಲಿಲ್ಲ. ನರ್ಸು ಬಂದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ, ಅವಳು ಏನೂ ಹೇಳದೆ ಹೋಗುತ್ತಿದ್ದಳು. ಮಧ್ಯಾಹ್ನ ಕೆಂಪಮ್ಮ ಮೆಲ್ಲಗೆ ಕೇಳಿದಳು.

"ಅಮ್ಮಾ, ಇವಳು ಪೇಲಾಗ್ಬುಟ್ರೆ ನಮ್ ಒಬ್ರನ್ನ ಕಳಿಸ್ತಾರಾ, ಎಲ್ರನ್ನೂನಾ?"

"ಯಾರೂ ಯಾರನ್ನೂ ಕಳಿಸಲ್ಲ ಕೆಂಪಮ್ಮ. ನಾನು ಆಡಿದ್ದು ಬರೀ ತಮಾಷೆ. ತಪ್ಪಾಯ್ತು."

ಅವಳು ನನ್ನನ್ನೇ ನೋಡಿದಳು. ಆಸ್ಪತ್ರೆಯಿಂದ ಬಂದವರು ಸುಮ್ಮನೆ ತಮಾಷೆಗೆ ಹಾಗೆಲ್ಲ ಹೇಳಿಯಾರೆಂದು ನಂಬುವುದು ಅವಳಿಗೆ ಕಷ್ಟವಾಯಿತೆಂದು ತೋರುತ್ತದೆ. ಅಷ್ಟರಲ್ಲಿ ಆಪರೇಷನ್ನಿಗೆ ಸಿದ್ಧ ಮಾಡಲು ನರ್ಸು ಬಂದಳು. ಮಗುವನ್ನು ಮಗ್ಗುಲಿಗೆ ಹೊರಳಿಸಿದವಳು "ಅಯ್ಯೋ, ಬನ್ನಿ ಇಲ್ಲಿ" ಎಂದು ಕೂಗಿದಳು. ಹಾಸಿಗೆ ತುಂಬ ಹುಳ. ಗಂಟು ಸಡಿಲವಾಗಿತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಆ ಹೊಲಸಿನ ಮುಂದೆ ನಿಂತು ಅತ್ತೆವು, ಹಬ್ಬವೇ ಬಂದಂತೆ ನಕ್ಕೆವು. ಮನೆಗೆ ಹೋಗಿ ಅದನ್ನು ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಅಂದು ಬಚ್ಚಲಿನ ಮಾತೆತ್ತಲಿಲ್ಲ. ಕೈಕಾಲು ತೊಳೆಯಲು ಹಂಡೆಯಿಂದ ತಾನೇ ನೀರು ತೋಡಿ ಕೊಟ್ಟಳು.

ಆಮೇಲಿನ ದಿನಗಳಲ್ಲಿ ನಾನೂ ಡಾಕ್ಟರೂ ಕೂಡಿಯೇ ಗುಡಿಸಲುಗಳಿಗೆ ಹೋದೆವು. ಬಾಗಿಲ ಕಲ್ಲುಗಳ ಮೇಲಿನ ನಂಬರನ್ನು ನಾನೇ ಒದ್ದೆ ಬಟ್ಟೆಯಿಂದ ಒರೆಸಿದೆ. ಪರೀಕ್ಷೆ ಎಂಬ ಪದ ಬಾಯಿಗೆ ಬರದಂತೆ ಎಚ್ಚರವಾಗಿದ್ದೆ, "ಹೊಟ್ಟೇಲಿ ಏನಿದೆ ಅಂತ ನೋಡೋದು, ಅಷ್ಟೇ" ಎನ್ನುತ್ತಿದ್ದೆ. ಈ ಸಲ ಅವರವರ ಮಕ್ಕಳದ್ದೇ ಬಂತು. ಕೊಕ್ಕೆಹುಳ, ಜಂತುಹುಳ, ಪುಸ್ತಕದಲ್ಲಿ ಓದಿದ್ದೆಲ್ಲ ಇತ್ತು. ಒಬ್ಬೊಬ್ಬರನ್ನೂ ನೋಡಿ ಔಷಧಿ ಕೊಟ್ಟೆವು. ಡಾಕ್ಟರು ಹಳ್ಳದ ದಂಡೆಯ ಮೇಲೆ ನಿಂತು ಮೋರಿಯ ಬಾಯಿಯನ್ನೇ ನೋಡುತ್ತಿದ್ದರು. "ಈಗ ತೆಗೀತೀವಿ. ಮೂರು ತಿಂಗಳಲ್ಲಿ ಈ ನೀರು ಮತ್ತೆ ತುಂಬಿಸುತ್ತೆ. ಒಂದು ನಲ್ಲಿ, ನಾಲ್ಕು ಕಕ್ಕಸು, ಅಷ್ಟು ಆಗಿದ್ರೆ ನಾವೇ ಬೇಕಾಗಿರ್ಲಿಲ್ಲ" ಎಂದರು. ಅವರು ಅದಕ್ಕಾಗಿ ಬರೆದ ಅರ್ಜಿಗಳಿಗೆ ಉತ್ತರ ಬಂದದ್ದನ್ನು ನಾನು ನೋಡಲಿಲ್ಲ.

ಚಂದ್ರಿ ಆಸ್ಪತ್ರೆಯಿಂದ ಬಂದ ಮೇಲೆ ಅವಳಿಗೂ ಕ್ರಮವಾಗಿ ಔಷಧಿಯಾಯಿತು. ಹೊಟ್ಟೆ ಇಳಿದು, ಇಷ್ಟು ಚಿಕ್ಕ ಹುಡುಗಿಯೇ ಇವಳು ಎನ್ನುವಂತಾಗಿದ್ದಳು. ಒಂದಿಷ್ಟು ದಿನ ಬಿಟ್ಟು ಕೊನೆಯದಾಗಿ ಒಮ್ಮೆ ನೋಡಬೇಕೆಂದು ಡಾಕ್ಟರು ಹೇಳಿದ್ದರು. ನಾನು ಕೆಂಪಮ್ಮನ ಕೈಗೆ ಒಂದು ಖಾಲಿ ಪೊಟ್ಟಣ ಕೊಟ್ಟೆ. ನಂಬರು ಬರೆಯಲು ಮನಸ್ಸಾಗಲಿಲ್ಲ, ಚಂದ್ರಿ ಎಂದು ಹೆಸರು ಬರೆದೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಈ ಸಲ ಪಾಸಾಯ್ತಾಳಾ ಅಮ್ಮಾ?" ಎಂದಳು. ನಾನು ನಗಲಿಲ್ಲ. "ತಂದುಕೊಡು, ನೋಡಿದ ತಕ್ಷಣ ನಾನೇ ಬಂದು ಹೇಳ್ತೀನಿ" ಎಂದು ಮಾತು ಕೊಟ್ಟೆ.

ಗಣೇಶನ ಹಬ್ಬದ ಮಾರನೆಯ ದಿನ ಡಿಸ್ಪೆನ್ಸರಿ ಬಾಗಿಲು ತೆಗೆದಾಗ ಕಿಟಕಿಯ ಕಟ್ಟೆಯ ಮೇಲೆ ಪೊಟ್ಟಣವಿತ್ತು. ಮಳೆಗೆ ನೆನೆಯದಿರಲೆಂದು ಬಾಳೆಲೆಯ ಚೂರಿನಲ್ಲಿ ಸುತ್ತಿ, ದಾರ ಕಟ್ಟಿದ್ದಳು. ಅಷ್ಟು ಬೆಳಿಗ್ಗೆ ಬಂದು ಕಾಯದೆ ಯಾಕೆ ಹೋದಳೋ ಎಂದುಕೊಂಡೆ. ಬೇರೆ ಎಲ್ಲ ಕೆಲಸ ಬಿಟ್ಟು ಅದನ್ನೇ ಮೊದಲು ನೋಡಿದೆ. ಒಂದು ಸ್ಲೈಡು, ಎರಡು, ಮೂರು. ಒಂದು ಮೊಟ್ಟೆಯೂ ಇರಲಿಲ್ಲ. ನಂಬದೆ ಡಾಕ್ಟರನ್ನು ಕರೆದು ತೋರಿಸಿದೆ. "ಏನೂ ಇಲ್ಲ. ಹೋಗಿ ಹೇಳಿ ಬಾ" ಎಂದು ಅವರೂ ನಕ್ಕರು.

ಓಡುತ್ತಲೇ ಹೋದೆ. ಇಳಿಜಾರಿನ ತಿರುವು ದಾಟಿದರೆ ಗುಡಿಸಲುಗಳು ಕಾಣಬೇಕಿತ್ತು. ಕಾಣಲಿಲ್ಲ. ಅಲ್ಲಿದ್ದದ್ದು ಒಲೆಯ ಕಲ್ಲುಗಳು, ಕೆಸರಲ್ಲಿ ಹೂತ ಗೋಣಿತಟ್ಟು, ಅರ್ಧ ಕುಟ್ಟಿ ಬಿಟ್ಟ ಜಲ್ಲಿಯ ರಾಶಿ, ಲಾರಿಯ ಚಕ್ರದ ಗುರುತು. ಕೆಂಪು ನಂಬರಿನ ಗೂಟಗಳು ಮಾತ್ರ ನೆಟ್ಟಗೆ ನಿಂತಿದ್ದವು. ಅವುಗಳನ್ನು ಕಾಯಲು ಕೂತಿದ್ದ ಮುದುಕನನ್ನು ಕೇಳಿದೆ.

"ಬೆಳಕರಿಯೋವಾಗ್ಲೇ ಲಾರಿ ಬಂತು ತಾಯೀ. ಎಲ್ಲಾ ತುಂಬ್ಕಂಡ್ ಓದ್ರು."

"ಎಲ್ಲಿಗೆ?"

"ಊರಾಚೆಗೆ. ತಲಘಟ್ಟಪುರದ ಕಡೆ ಅಂತಾರೆ, ಸುಬ್ರಮಣ್ಯಪುರ ಅಂತಾನೂ ಅಂತಾರೆ. ಯಾವ್ದೋ ಪರೀಕ್ಸೇಲಿ ಪೇಲಾದ್ವು ಅಂತ ಒಂದ್ ಎಂಗ್ಸು ಬಾಯ್ ಬಡ್ಕಂತಿತ್ತು. ಮಿಕ್ಕೋರೆಲ್ಲಾ ಅದ್ಯಾವ್ದೋ ಒಂದ್ ಮಗೀನ್ ತಾಯಿನ ಬಯ್ತಿದ್ರು."

ಗೂಟ ಹೊಡೆದವರಿಗೂ ನಮ್ಮ ಪೊಟ್ಟಣಗಳಿಗೂ ಯಾವ ಸಂಬಂಧವೂ ಇರಲಿಲ್ಲ, ಅದು ನನಗೆ ಗೊತ್ತು. ಆದರೆ ಲಾರಿಯಲ್ಲಿ ಕೂತ ಇಪ್ಪತ್ತಾರು ಮನೆಯವರಿಗೆ ಗೊತ್ತಿರಲಿಲ್ಲ. ಲಾರಿ ಬಂದು ನಿಂತಿದ್ದರೂ ಕೆಂಪಮ್ಮ ಒಂದು ಬಾಳೆಲೆ ಹುಡುಕಿ, ದಾರ ಕಟ್ಟಿ, ಆ ಪೊಟ್ಟಣವನ್ನು ತಂದಿಟ್ಟು ಹೋಗಿದ್ದಳು. ಆ ಒಂದು ಪೊಟ್ಟಣ ಪಾಸಾದರೆ ಲಾರಿ ತಿರುಗಿ ಬರುತ್ತದೆಂದು ಅವಳು ನಂಬಿದ್ದಳೇನೋ.

ಎರಡು ಭಾನುವಾರ ಕನಕಪುರ ರಸ್ತೆಯ ಬಸ್ಸು ಹಿಡಿದು ತಲಘಟ್ಟಪುರದವರೆಗೂ ಹೋಗಿ ವಿಚಾರಿಸಿದೆ. ಸುಬ್ರಹ್ಮಣ್ಯಪುರದ ತೋಪುಗಳಲ್ಲೂ ಅಲೆದೆ. ಜಲ್ಲಿ ಕುಟ್ಟುವವರು ಸಿಕ್ಕರು, ಅವರಲ್ಲ. ಆಮೇಲೆ ಮದುವೆಯಾಯಿತು, ಕೆಲಸ ಬಿಟ್ಟೆ. ಹಳ್ಳ ತುಂಬಿಸಿದ ಜಾಗದಲ್ಲಿ ಸಾಲುಮನೆಗಳೆದ್ದವು. ಅಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿ ಊಟ ಮಾಡದೆ ಬಂದೆ. ಚಂದ್ರಿಗೆ ಈಗ ನಲವತ್ತು ದಾಟಿರಬೇಕು.

ಇಷ್ಟನ್ನೂ ಮಗುವಿಗೆ ತಿಳಿಯುವ ಹಾಗೆ, ಕೆಲವನ್ನು ಬಿಟ್ಟು, ಹೇಳಿ ಮುಗಿಸಿದೆ. ಅವಳ ಅಳು ಎಂದೋ ನಿಂತಿತ್ತು. ರೈಲಿನ ಒಂದು ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ ಯೋಚಿಸುತ್ತಿದ್ದಳು.

"ಅಂದ್ರೆ ಚಂದ್ರಿ ಪಾಸಾದ್ಲು ಅಲ್ವಾ ಅಜ್ಜಿ?"

"ಪಾಸಾದ್ಲು ಪುಟ್ಟಿ."

"ಅದು ಅವಳ ಅಮ್ಮನಿಗೆ ಗೊತ್ತಾ?"